‘ಎಂಡ್‌ಲೆಸ್ ಲವ್’: ಮೂರು ಜೋಡಿ, ಒಂದು ಹಾಡು, ಮತ್ತು ತಲೆ ತಿನ್ನುವ ‘ಥರ್ಡ್’

ಡ್ಯೂಯೆಟ್ ಹಾಡೋಕೆ ಕಲಿಯುತ್ತಿದ್ದರೆ ಈ ಹಾಡು ಹಿಡಿದು ಕೂರಿ. ನಿಧಾನದ ಹಾಡು, ಮೂರು ಜೋಡಿಗಳು ಹಾಡಿದ ರೆಕಾರ್ಡಿಂಗ್ ಸಿಗುತ್ತದೆ, ಹೋಲಿಸಿ ಕೇಳಬಹುದು.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಬರೆದವರು ಲಯನೆಲ್ ರಿಚಿ, 1981ರಲ್ಲಿ, ಇದೇ ಹೆಸರಿನ ಸಿನಿಮಾಕ್ಕೆ. ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ ಮೊದಲು ಕೇಳಿದ್ದು ಬರೀ ವಾದ್ಯಸಂಗೀತ. ಆಮೇಲೆ ಸಾಹಿತ್ಯವೂ ಬೇಕು ಅಂದರು, ಅದಾದ ಮೇಲೆ ಹೆಣ್ಣು ದನಿಯೂ ಇರಲಿ ಅಂದರು. ಹಾಗೆ ಡಯಾನಾ ರಾಸ್ ಬಂದರು. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. 1994ರಲ್ಲಿ ಲೂಥರ್ ವ್ಯಾಂಡ್ರಾಸ್ ತಮ್ಮ ಕವರ್ ಹಾಡುಗಳ ಆಲ್ಬಮ್‌ಗಾಗಿ ಮರಾಯಾ ಕ್ಯಾರಿ ಜೊತೆ ಹಾಡಿದರು, ಅದು 2ನೇ ಸ್ಥಾನಕ್ಕೆ ಬಂತು. 2012ರಲ್ಲಿ ರಿಚಿಯೇ ‘ಟಸ್ಕೀಗಿ’ ಆಲ್ಬಮ್‌ನಲ್ಲಿ ಶನಾಯಾ ಟ್ವೇನ್ ಜೊತೆ ಮತ್ತೆ ಹಾಡಿದರು. ಬರೆದವರೇ ಮತ್ತೆ ಹಾಡಿದರೆ ಅದನ್ನು ಕವರ್ ಅನ್ನಬೇಕಾ? ನಾನಂತೂ ಅನ್ನಲ್ಲ. ಕವರ್ ಅಂದರೆ ಬೇರೆಯವರ ಹಾಡು ಎತ್ತಿಕೊಂಡು ಹಾಡುವುದು.

ಈಗ ಅಸಲು ವಿಷಯ. ಹಾಡಿನ ಹಂಚಿಕೆ ಸುಲಭ: ಒಂದು ಸಾಲು ಅವರದು, ಒಂದು ಸಾಲು ಇವರದು, ಆಮೇಲೆ ಇಬ್ಬರೂ ಒಟ್ಟಿಗೆ. ಆ ‘ಒಟ್ಟಿಗೆ’ ಬಂದಾಗಲೇ ತೊಂದರೆ. ನಮ್ಮ ಸಿನಿಮಾ ಯುಗಳ ಗೀತೆಗಳಲ್ಲಿ ಇಬ್ಬರೂ ಸೇರಿ ಹಾಡುವಾಗ ಹೆಚ್ಚಾಗಿ ಅದೇ ಸ್ವರ ಇರುತ್ತದೆ, ಸ್ಥಾಯಿ ಮಾತ್ರ ಬೇರೆ. ಇಲ್ಲಿ ಹಾಗಲ್ಲ. ಒಬ್ಬರು ರಾಗದ ಸಾಲು (ಹಾಡಿನ ಮುಖ್ಯ ಧಾಟಿ) ಹಿಡಿದರೆ ಇನ್ನೊಬ್ಬರು ಹಾರ್ಮನಿ, ಅಂದರೆ ಅದೇ ಹೊತ್ತಿಗೆ ಅದಕ್ಕೆ ಹೊಂದುವ ಬೇರೆ ಸ್ವರ, ಹಿಡಿಯುತ್ತಾರೆ. ಸಂಗೀತ ಪಾಠದಲ್ಲಿ ಒಂದೇ ಸಾಲಿಗೆ ಒಗ್ಗಿದ ಕಿವಿ ಪಕ್ಕದವರ ಸ್ವರಕ್ಕೆ ಸುಮ್ನೆ ಜಾರಿಬಿಡುತ್ತದೆ.

ಹಾರ್ಮನಿ ಅಂದರೆ ‘ಒಂದು ಥರ್ಡ್ ಮೇಲೆ ಹಾಡಿ’ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಮೇಲೆ? ಸಾ ಇಂದ ಗ ವರೆಗೆ ಕಪ್ಪು-ಬಿಳಿ ಕೀ ಎಲ್ಲಾ ಸೇರಿಸಿ ಎಣಿಸಿದರೆ 4 ಹೆಜ್ಜೆ. ಸರಿ, ಹಾಗಾದರೆ ಎಲ್ಲ ಸ್ವರಕ್ಕೂ 4 ಸೇರಿಸಿದರೆ ಆಯ್ತಲ್ವಾ? ಆಗಲ್ಲ. ರಿಗೆ 4 ಸೇರಿಸಿ ನೋಡಿ, ‘ಪ್ರತಿ ಮಧ್ಯಮ’ (ಒಂದು ಹೆಜ್ಜೆ ಮೇಲಿನ ಮ) ಬರುತ್ತದೆ. ನಾವು ಹಿಡಿದಿರುವ ಸ್ಕೇಲ್, ಅಂದರೆ ಏಳು ಸ್ವರಗಳ ಸಾಲು, ಶಂಕರಾಭರಣ ರಾಗದ್ದು; ಅದರ ನಡುವೆ ಕಲ್ಯಾಣಿ ರಾಗದ ಮ! ಗಕ್ಕೆ 4 ಸೇರಿಸಿದರೆ ಇನ್ನೂ ಕೆಟ್ಟದು, ಪ ದಾಟಿ ಶುದ್ಧ ಧೈವತಕ್ಕೆ (ಒಂದು ಹೆಜ್ಜೆ ಕೆಳಗಿನ ದ) ಹೋಗುತ್ತದೆ. ಹೆಜ್ಜೆ ಎಣಿಸಬೇಡಿ, ಸ್ಕೇಲಿನ ಸ್ವರ ಎಣಿಸಿ. ಹೊರಟ ಸ್ವರವನ್ನೂ ಸೇರಿಸಿ ಮೂರನೆಯದು. ಸಾಗೆ ಗ, ರಿಗೆ ಮ, ಗಕ್ಕೆ ಪ, ಮಗೆ ದ, ಪಕ್ಕೆ ನಿ, ದಗೆ ಮೇಲಿನ ಸಾ, ನಿಗೆ ಮೇಲಿನ ರಿ. ಸಾ, ಮ, ಪ ಮೂರಕ್ಕೆ 4 ಹೆಜ್ಜೆ ಬರುತ್ತದೆ, ಉಳಿದ ನಾಲ್ಕಕ್ಕೆ 3. ಅಂದರೆ ಅಂತರ ಹಿಗ್ಗುತ್ತಾ ಕುಗ್ಗುತ್ತಾ ಹೋಗುತ್ತದೆ, ಆದರೆ ಸ್ಕೇಲಿನ ಹೊರಗೆ ಕಾಲಿಡಲ್ಲ.

ನನಗೆ ತುಂಬಾ ಇಷ್ಟವಾದ ಶಾರ್ಟ್‌ಕಟ್: ಕೀಬೋರ್ಡಿನಲ್ಲಿ ಸಿ ಸ್ಕೇಲ್ ಹಿಡಿಯಿರಿ, ಬರೀ ಬಿಳಿ ಕೀ. ನಡುವೆ ಒಂದು ಬಿಳಿ ಕೀ ಬಿಟ್ಟು ಎರಡು ಬೆರಳಿಡಿ. ಹಾಗೇ ಸರಿಸುತ್ತಾ ಹೋಗಿ. 3 ಬೇಕಾ 4 ಬೇಕಾ ಅನ್ನುವುದನ್ನು ಕೀಬೋರ್ಡೇ ನೋಡಿಕೊಳ್ಳುತ್ತದೆ. ಕೈ ಕೂತ ಮೇಲೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ನಿಮ್ಮ ಶ್ರುತಿಗೆ ತನ್ನಿ.

ಇದಕ್ಕೂ ಒಂದು ಅಪವಾದ ಇದೆ. ಹಿಂದೆ ವಾದ್ಯದಲ್ಲಿ ಸಾ-ಗ-ಪ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಳೆದು ನಿಂತಿದೆ, ರಾಗದ ಸಾಲೂ ಪ ಮೇಲೆ ನಿಂತಿದೆ ಅಂದುಕೊಳ್ಳಿ. ಲೆಕ್ಕದ ಪ್ರಕಾರ ಹಾರ್ಮನಿ ನಿ. ಹಾಡಿ ನೋಡಿ, ಪಕ್ಕದ ಸಾ ಜೊತೆ ಕೆರೆಯುತ್ತದೆ. ಅಲ್ಲಿ ಮೇಲಿನ ಸಾ ಹಿಡಿದರೆ ಹಾಯಾಗಿ ಕೂರುತ್ತದೆ. ಅದು ಥರ್ಡ್ ಅಲ್ಲ, ಫೋರ್ತ್. ಉದ್ದಕ್ಕೆ ಎಳೆಯುವ ಸ್ವರಗಳಲ್ಲಿ ಕಾರ್ಡ್ ಹೇಳಿದಂತೆ ಕೇಳಿ, ಓಡುವ ಸ್ವರಗಳಲ್ಲಿ ಥರ್ಡ್ ಸಾಕು. ಈ ಹಾಡಿನಲ್ಲಿ ಎಳೆತವೇ ಜಾಸ್ತಿ, ಹಾಗಾಗಿ ಬರೀ ಶಾರ್ಟ್‌ಕಟ್ ನಂಬಿಕೊಂಡು ಹೋಗಬೇಡಿ.

ಅಭ್ಯಾಸಕ್ಕೆ 1981ರದ್ದೇ ಸಾಕು. ವಾದ್ಯ ಕಡಿಮೆ, ಎರಡು ದನಿಗಳೂ ಬಿಡಿಬಿಡಿಯಾಗಿ ಕೇಳುತ್ತವೆ. 1994ರದ್ದು ಅಲಂಕಾರಕ್ಕೆ ಚೆಂದ, ಆದರೆ ಇಬ್ಬರೂ ಸಾಲನ್ನು ಎಳೆದು ಬಳುಕಿಸುವುದರಿಂದ ಮೂಲ ಸ್ವರ ಯಾವುದು ಅಂತ ಹುಡುಕಬೇಕಾಗುತ್ತದೆ. ಮೊದಲು ರಾಸ್ ಅವರ ಸಾಲು ಕಲಿಯಿರಿ, ಆಮೇಲೆ ರಿಚಿಯದು, ಗಂಡು-ಹೆಣ್ಣು ಅಂತ ನೋಡದೆ ಎರಡನ್ನೂ ಕಲಿಯಿರಿ. ಕರೋಕೆ ಟ್ರ್ಯಾಕ್ ಎತ್ತರವಾಯ್ತು ಅಂತ ಒಬ್ಬರಿಗಾಗಿ ಇಳಿಸಿದರೆ ಇನ್ನೊಬ್ಬರ ಸಾಲು ಗಂಟಲಿಗೇ ಎಟುಕದಷ್ಟು ತಗ್ಗಬಹುದು, ಆದ್ದರಿಂದ ಶ್ರುತಿ ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ.