ಸಾಲು, ಕಾಲು, ಪಾಲು: ಕಿವಿಗೆ ಕೇಳಿಸಿದ್ದು ಯಾವುದು?

"ಸಾಲು", "ಕಾಲು", "ಪಾಲು". ಈ ಮೂರನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಬೇರೆಬೇರೆ ಇರುವುದು ಶುರುವಿನ ಒಂದು ಚಿಕ್ಕ ಸದ್ದು ಮಾತ್ರ. ಆಮೇಲಿನ "ಆಲು" ಮೂರರಲ್ಲೂ ಒಂದೇ. ವಯಸ್ಸಾಗುತ್ತಾ ಕಿವಿ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಇಂಥ ಚಿಕ್ಕ ಸದ್ದುಗಳನ್ನೇ. ಅದಕ್ಕೇ ಜನ "ನಂಗೆ ಕೇಳಿಸಲ್ಲ" ಅನ್ನುವುದಿಲ್ಲ. "ಕೇಳಿಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ" ಅನ್ನುತ್ತಾರೆ. "ಎಲ್ರೂ ಗೊಣಗ್ತಾರೆ" ಅಂತ ಬೈಯುವವರೂ ಇದ್ದಾರೆ!

ಕಾರಣ ಒಳಗಿವಿಯಲ್ಲಿದೆ. ಸದ್ದು ಕಿವಿತಮಟೆಗೆ ಬಡಿಯುತ್ತದೆ. ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ನಡುಕವನ್ನು ಒಳಗೆ ದಾಟಿಸುತ್ತವೆ. ಕೊನೆಯದು ಸುಮಾರು 3 ಮಿ.ಮೀ., ನಮ್ಮ ಮೈಯ ಅತಿ ಚಿಕ್ಕ ಮೂಳೆ. ಅದರಾಚೆ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ, ನೀರಿನಂಥ ದ್ರವ ತುಂಬಿದ ಕಾಕ್ಲಿಯಾ. ಅದರೊಳಗೆ ಆ ನಡುಕವನ್ನು ಹಿಡಿಯುವ ಸುಮಾರು 15,000 ಕೂದಲು ಕೋಶಗಳು. ಮೂಳೆ ತಾಗುವ ಬಾಗಿಲ ಹತ್ತಿರದವು ಕೀಚಲು ಸದ್ದು ಹಿಡಿಯುತ್ತವೆ, ಸುರುಳಿಯ ತುದಿಯವು ದಪ್ಪ ಸದ್ದು. ಸವೆತ ಶುರುವಾಗುವುದು ಬಾಗಿಲ ಕಡೆಯಿಂದ. ಸ, ಶ, ತ, ಕ ಇವುಗಳ ಗುರುತು ಇರುವುದೂ ಹೆಚ್ಚಾಗಿ ಕೀಚಲು ಭಾಗದಲ್ಲೇ, ಅದೂ ತೀರಾ ಮೆಲ್ಲಗೆ. ಹೋದ ಕೋಶ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತದೆ, ನಮಗಿಲ್ಲ.

ಹಾಗಾದರೆ ಜೋರಾಗಿ ಹೇಳಿದರಾಯಿತು, ಅಲ್ವಾ? ಆಗುವುದಿಲ್ಲ. ಕಿರುಚಿದಾಗ ಜಾಸ್ತಿಯಾಗುವುದು "ಆ", "ಓ" ಅನ್ನುವ ಸ್ವರಗಳು. "ಸ"ವನ್ನು ಎಷ್ಟು ಅಂತ ಕಿರುಚುತ್ತೀರಿ? ಇನ್ನೊಂದು ಫಜೀತಿಯೂ ಇದೆ. ಕೆಟ್ಟ ಕಿವಿಗೆ ಮೆಲ್ಲನೆಯದು ಕೇಳಿಸದಿದ್ದರೂ ಜೋರಿನದು ಥಟ್ಟನೆ ಕರ್ಕಶವಾಗುತ್ತದೆ. ಮೂರು ಸಲ "ಆಂ?" ಅಂದವರೇ ನಾಲ್ಕನೇ ಸಲ "ಯಾಕಷ್ಟು ಕಿರುಚ್ತೀಯ?" ಅಂತ ರೇಗುವುದು ಇದಕ್ಕೇ. ಸುಮ್ನೆ ನಾಟಕವಲ್ಲ. ಎದುರು ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಿದರೆ ಎಷ್ಟೋ ವಾಸಿ.

ಸದ್ದಿನ ಏಟಿಗೂ ಈ ಕೋಶಗಳು ಸಾಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ಬರೀ 4 ಗಂಟೆ.

ಎಲ್ಲ ಕಿವುಡೂ ಒಳಗಿವಿಯದಲ್ಲ. ಗುಗ್ಗೆ ಕಟ್ಟಿಕೊಂಡಿರಬಹುದು, ತಮಟೆ ತೂತಾಗಿರಬಹುದು, ಅದರ ಹಿಂದೆ ನೀರು ತುಂಬಿರಬಹುದು. ಇವಕ್ಕೆ ಹೆಚ್ಚಾಗಿ ಔಷಧಿ ಅಥವಾ ಆಪರೇಷನ್ ಇದೆ. ಹತ್ತಿ ಕಡ್ಡಿ ಹಾಕಿ ಕೆದಕಬೇಡಿ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಕಾಯಲೇಬಾರದು. ಬೆಳಿಗ್ಗೆ ಎದ್ದಾಗ ಅಥವಾ ಎರಡು ಮೂರು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, "ನೆಗಡಿ ಇರಬೇಕು" ಅಂತ ಕೂರಬೇಡಿ. ಬಾಯಿ ಮುಚ್ಚಿ "ಮ್ಮ್..." ಎಂದು ಗುನುಗಿ ನೋಡಿ. ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಗುಗ್ಗೆಯಂಥ ಅಡ್ಡಿ ಇರಬಹುದು. ಒಳ್ಳೆಯ ಕಿವಿಯತ್ತ ವಾಲಿದರೆ ಒಳಗಿವಿ ಅಥವಾ ನರದ ತೊಂದರೆಯ ಅನುಮಾನ. ಇದು ಬರೀ ಸುಳಿವು. ಉತ್ತರ ಏನೇ ಬರಲಿ, ಅವತ್ತೇ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಸ್ಟೆರಾಯ್ಡ್ ಕೊಡುವುದಾದರೆ ಮೊದಲ ಎರಡು ವಾರದೊಳಗೇ ಶುರುವಾಗಬೇಕು, ಆದಷ್ಟು ಬೇಗ. ಕಿವಿ ಸೋರುವುದು, ತಲೆ ತಿರುಗುವುದು, ಒಂದೇ ಕಿವಿಯಲ್ಲಿ ಗುಂಯ್‌ಗುಟ್ಟುವುದು ಇದ್ದರೂ ತಡ ಬೇಡ. ಮಗು ಸದ್ದಿಗೆ ತಿರುಗುತ್ತಿಲ್ಲ, ಮಾತು ಹೊರಡುತ್ತಿಲ್ಲ ಅಂದರೂ ಅಷ್ಟೇ. ಹುಟ್ಟಿದ ಮೊದಲ ತಿಂಗಳಲ್ಲೇ ಕಿವಿ ಪರೀಕ್ಷೆ ಮಾಡಬಹುದು.

ನಿಧಾನವಾಗಿ ಮಂದವಾಗುತ್ತಿದೆಯೇ? ಫೋನನ್ನು ಯಾವಾಗಲೂ ಒಂದೇ ಕಿವಿಗೆ ಇಡುತ್ತಿದ್ದರೆ, ಗದ್ದಲದಲ್ಲಿ ಮಾತು ತಪ್ಪಿಹೋಗುತ್ತಿದ್ದರೆ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷಿಸುವ ತಜ್ಞರ ಹತ್ತಿರ ಹೋಗಿ. ಸದ್ದಿಲ್ಲದ ಕೋಣೆ, ತಲೆಗೊಂದು ಹೆಡ್‌ಫೋನ್. ಬೀಪ್ ಕೇಳಿಸಿದಾಗ ಗುಂಡಿ ಒತ್ತುವುದು, ಅಷ್ಟೇ ಕೆಲಸ. ನೋವಿಲ್ಲ.

ಪರೀಕ್ಷೆಯಾದ ಮೇಲೆ ಹಿಯರಿಂಗ್ ಏಡ್ (ಕಿವಿಗೆ ಹಾಕುವ ಶ್ರವಣ ಯಂತ್ರ) ಬೇಕಾದರೆ, ಅದು ಬಂದ ಮೊದಲ ವಾರ ಮಾತಿಗಿಂತ ಮೊದಲು ಕೇಳಿಸುವುದು ಬೇಡದ್ದೇ. ಪೇಪರ್ ಮಡಚುವ ಸರಪರ, ಫ್ಯಾನ್ ಸದ್ದು, ತನ್ನದೇ ಚಪ್ಪಲಿಯ ಟಪಟಪ. "ಇದು ಸರಿ ಇಲ್ಲ" ಅಂತ ಡ್ರಾಯರ್‌ಗೆ ಹಾಕುವವರು ಬಹಳ. ವರ್ಷಗಟ್ಟಲೆ ಈ ಸದ್ದುಗಳನ್ನು ಕೇಳದ ಮಿದುಳಿಗೆ ಅವನ್ನು ಬದಿಗಿಟ್ಟು ಮಾತನ್ನು ಹೆಕ್ಕಿಕೊಳ್ಳಲು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ದಿನಾ ಹಾಕಿಕೊಳ್ಳಬೇಕು, ನಡುವೆ ಒಂದೆರಡು ಸಲ ಹೋಗಿ ಸರಿಹೊಂದಿಸಿಕೊಂಡು ಬರಬೇಕು.