ಈ ವರ್ಷ ಮಿಡಿ ಬೇಡ

ನಮ್ಮ ಸೋದರತ್ತೆ ಪ್ರತಿವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಿದ್ದಳು. ತೀರ್ಥಹಳ್ಳಿ ಕಡೆ ಇದೇನು ದೊಡ್ಡ ವಿಷಯವಲ್ಲ, ಎಲ್ಲರ ಮನೆಯಲ್ಲೂ ಹಾಕುತ್ತಾರೆ. ಆದರೆ ಅತ್ತೆಯದು ಸ್ವಲ್ಪ ಜಾಸ್ತಿಯೇ ಹಠ. ಯಾವ ಹೊಳೆದಂಡೆಯ ಮರ, ಕೊಯ್ದವರು ಯಾರು, ತೊಟ್ಟು ಮುರಿದರೆ ಸೊನೆ ಘಮ್ಮೆನ್ನುತ್ತದೋ ಇಲ್ಲವೋ, ಎಲ್ಲ ನೋಡಿಯೇ ಭರಣಿಗೆ ಇಳಿಸುವವಳು. ಅವಳಿಗೆ 71 ಆದ ವರ್ಷ, ಮಿಡಿ ತರುವ ಹುಡುಗ ಜಗುಲಿಯಲ್ಲಿ ಬುಟ್ಟಿ ಇಳಿಸಿದ. ಅತ್ತೆ ಬಗ್ಗಿಯೂ ನೋಡಲಿಲ್ಲ. "ಈ ವರ್ಷ ಮಿಡಿ ಬೇಡ" ಅಂದಳು. ಅಷ್ಟೆ. ಒಳಗೆ ಹೋಗಿ ಮಲಗಿದಳು.

ನಾವೆಲ್ಲ ಏನಂದುಕೊಂಡೆವು? "ವಯಸ್ಸಾಯ್ತಲ್ಲ."

ಆಮೇಲೆ ಶುರುವಾಯಿತು ಆಸ್ಪತ್ರೆ ಓಡಾಟ. ಹೊಟ್ಟೆ ಉರಿ, ಮಂಡಿ ನೋವು, ಊಟ ಸೇರಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಎರಡು ಸಲ ಸ್ಕ್ಯಾನಿಂಗ್ ಆಯಿತು, ಒಂದು ಸಲ ಎಂಡೋಸ್ಕೋಪಿ ಆಯಿತು. ಗ್ಯಾಸ್ಟ್ರಿಕ್ ಮಾತ್ರೆಯ ಖಾಲಿ ಪಟ್ಟಿಗಳು ಕಿಟಕಿಯಲ್ಲಿ ರಾಶಿ ಬಿದ್ದವು. ಹತ್ತು ತಿಂಗಳಲ್ಲಿ ಒಬ್ಬರೂ ಅವಳ ಮನಸ್ಸಿನ ಬಗ್ಗೆ ಕೇಳಲಿಲ್ಲ. ಕೇಳುವುದಕ್ಕೆ ನಾವಾದರೂ ಮಿಡಿಯ ವಿಷಯ ಎಲ್ಲಿ ಹೇಳಿದ್ದೆವು? ಉಪ್ಪಿನಕಾಯಿ ಹಾಕಲಿಲ್ಲ ಅಂತ ಯಾರಾದರೂ ಡಾಕ್ಟರಿಗೆ ಹೇಳುತ್ತಾರಾ?

ಹೇಳಬೇಕಿತ್ತು. ಮೊದಲಿಂದ ಇಷ್ಟವಾಗಿದ್ದ ಕೆಲಸ ಒಮ್ಮೆಗೇ ರುಚಿ ಕಳೆದುಕೊಳ್ಳುವುದು ಖಿನ್ನತೆಯ ಎರಡು ಮುಖ್ಯ ಗುರುತುಗಳಲ್ಲಿ ಒಂದು. ಇನ್ನೊಂದು ಬೇಸರ. ಇವೆರಡರಲ್ಲಿ ಒಂದಾದರೂ ಇದ್ದು, ಜೊತೆಗೆ ನಿದ್ದೆ, ಹಸಿವು, ಸುಸ್ತು, ನೆನಪು, 'ನಾನು ಯಾಕಿದ್ದೇನೆ' ಎಂಬ ಭಾವ, ಇಂಥವು ಸೇರಿಕೊಂಡು, ದಿನದ ಬಹುಪಾಲು ಹೊತ್ತು ಕಡಿಮೆಯೆಂದರೂ ಎರಡು ವಾರ ಉಳಿದರೆ ವೈದ್ಯರು ಅದನ್ನು ಕಾಯಿಲೆ ಅಂತಲೇ ನೋಡುತ್ತಾರೆ. ವಯಸ್ಸಾದವರಲ್ಲಿ ಒಂದು ತೊಡಕಿದೆ. ಅವರು ಬೇಸರ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಅಳುವುದೂ ಕಡಿಮೆ. ಮೈ ಹೇಳುತ್ತದೆ, ಬಾಯಿ ಹೇಳುವುದಿಲ್ಲ. ಹೊಟ್ಟೆ, ಬೆನ್ನು, ತಲೆ ಭಾರ, ಎದೆ ಭಾರ ಅಂತ ದೂರು ಬರುತ್ತದೆ. ಕೆಲವರು ಸಿಡುಕುತ್ತಾರೆ. ಕೆಲವರಿಗೆ ಮರೆವು ಎಷ್ಟು ಬರುತ್ತದೆಂದರೆ ಮನೆಯವರು ಅದನ್ನು ಮರೆವಿನ ಕಾಯಿಲೆಯೆಂದೇ ತಿಳಿಯುತ್ತಾರೆ.

ಒಂದು ಆರೋಗ್ಯ ಕೇಂದ್ರದ ಜಗುಲಿಯಲ್ಲಿ 'ಖಿನ್ನತೆಯ ಲಕ್ಷಣಗಳು' ಅಂತ ಪೋಸ್ಟರ್ ನೋಡಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಅದನ್ನು ನಿಧಾನವಾಗಿ ಓದಿ ಕೇಳಿದರು, "ಇದು ಪೇಟೆಯೋರಿಗೆ ಬರೋದಾ?" ತಪ್ಪು ಅಜ್ಜನದಲ್ಲ. ಖಿನ್ನತೆ ಎಂಬ ಪದವನ್ನು ಮಲೆನಾಡಿನ ಯಾವ ಅಡುಗೆಮನೆಯಲ್ಲೂ ನಾನು ಕೇಳಿಲ್ಲ. ಅಲ್ಲಿ ಇರುವ ಮಾತು ಬೇರೆ. "ಯಾಕೋ ಮಂಕಾಗಿದಾರೆ." "ಏನೂ ಬೇಡ ಅನ್ಸುತ್ತೆ." "ಸಾಕಾಗಿದೆ ಮಾರಾಯ." "ದೇವರು ಇನ್ನೂ ಕರೆಸ್ಕೊಂಡಿಲ್ಲ." ಈ ಕಾಯಿಲೆಗೆ ನಮ್ಮ ಹತ್ತಿರ ಪದ ಇಲ್ಲದೆ ಇಲ್ಲ. ಪೋಸ್ಟರ್ ಬರೆದವರು ಆ ಪದಗಳನ್ನು ಕೇಳಿಸಿಕೊಂಡಿಲ್ಲ, ಅಷ್ಟೆ.

ಇದು ಬರೀ ಭಾಷೆಯ ಗೊಣಗಾಟ ಅಂದುಕೊಳ್ಳಬೇಡಿ. 45 ದಾಟಿದ 72 ಸಾವಿರಕ್ಕೂ ಹೆಚ್ಚು ಭಾರತೀಯರನ್ನು 2017-18ರಲ್ಲಿ ಮಾತನಾಡಿಸಿದ ದೊಡ್ಡ ಸಮೀಕ್ಷೆಯೊಂದಿದೆ. ಅದರಲ್ಲಿ 60 ದಾಟಿದವರಿಗೆ ಲಕ್ಷಣಗಳನ್ನು ಒಂದೊಂದಾಗಿ ಬಿಡಿಸಿ ಕೇಳಿದಾಗ, ನೂರಕ್ಕೆ ಸುಮಾರು 8 ಮಂದಿಗೆ ಖಿನ್ನತೆ ಇರುವಂತೆ ಕಂಡಿತು. 'ಡಾಕ್ಟರು ಖಿನ್ನತೆ ಅಂತ ಹೇಳಿದ್ದಾರಾ?' ಎಂದು ಕೇಳಿದಾಗ ಹೌದು ಅಂದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಖಿನ್ನತೆ ಇರುವ ಹತ್ತು ಜನರಲ್ಲಿ ಒಂಬತ್ತು ಜನ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾ ಕೂತಿದ್ದಾರೆ ಅಂತ ನಾನು ಓದಿಕೊಳ್ಳುತ್ತೇನೆ.

ಯಾಕೆ ಬರುತ್ತದೆ? ಒಂದೇ ಉತ್ತರ ಇಲ್ಲ. ಗಂಡನೋ ಹೆಂಡತಿಯೋ ಹೋದ ದುಃಖ, ದೀರ್ಘ ಕಾಯಿಲೆ, ಕೈ ನಡೆಯದೆ ಯಾರದೋ ಹಂಗಿನಲ್ಲಿರುವ ಕಷ್ಟ, ಇವು ಎಲ್ಲರಿಗೂ ಗೊತ್ತಿರುವಂಥವು. ಗೊತ್ತಿಲ್ಲದ್ದು ರಕ್ತನಾಳದ ಕತೆ. ಮಿದುಳಿನ ಮುಂಭಾಗವನ್ನೂ ಆಳದ ಭಾಗಗಳನ್ನೂ ಜೋಡಿಸುವ ನರತಂತುಗಳಿವೆ. ಯೋಚಿಸಿದ್ದನ್ನು ಕೆಲಸಕ್ಕೆ ಇಳಿಸುವ ದಾರಿ ಇದೇ. ಇವಕ್ಕೆ ರಕ್ತ ಕೊಡುವ ನಾಳಗಳು ತೀರಾ ಸಣ್ಣವು. ವರ್ಷಾನುಗಟ್ಟಲೆ ಬಿಪಿ, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಅವು ಗಡುಸಾಗುತ್ತವೆ, ಮುಚ್ಚುತ್ತವೆ. ಅಡಿಕೆ ತೋಟಕ್ಕೆ ಪೈಪು ಎಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟರ್ ಸರಿಯಿದೆ, ದೊಡ್ಡ ಪೈಪು ಸರಿಯಿದೆ, ಸಾಲಿನ ತುದಿಯ ಜೆಟ್‌ಗಳಲ್ಲಿ ಮಾತ್ರ ಕೆಸರು ಕಟ್ಟಿದೆ. ಆ ತುದಿಯ ಮರಗಳು ಸದ್ದಿಲ್ಲದೆ ಸೊರಗುತ್ತವೆ. 1997ರಲ್ಲಿ ಅಮೆರಿಕದ ಸಂಶೋಧಕರು ಇಳಿವಯಸ್ಸಿನ ಒಂದು ಬಗೆಯ ಖಿನ್ನತೆಯನ್ನು ಹೀಗೆ ವಿವರಿಸಿದರು. ಇಂಥವರಲ್ಲಿ ಅಳುವಿಗಿಂತ ನಿಧಾನ ಜಾಸ್ತಿ ಕಾಣುತ್ತದೆ. ಏಳಲು ಮನಸ್ಸಿಲ್ಲ, ಒಂದು ಕೆಲಸ ಶುರು ಮಾಡಲು ಆಗುವುದಿಲ್ಲ. ನಾವು ಅದನ್ನು ಸೋಮಾರಿತನ ಅನ್ನುತ್ತೇವೆ.

ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ ಮಂಕು ಬರಬಹುದು. ಎರಡೂ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಸಸ್ಯಾಹಾರಿ ಅಜ್ಜಿಯರಿಗೆ ಬಿ12 ನೋಡಿಸಲೇಬೇಕು. ಇನ್ನು ಕಿವಿ. ಮದುವೆ ಮನೆಯಲ್ಲಿ ಎಲ್ಲರೂ ನಕ್ಕಾಗ ಯಾಕೆ ನಕ್ಕರು ಅಂತ ತಿಳಿಯದೆ ಕೂರುವವರು, ಮುಂದಿನ ಮದುವೆಗೆ ಬರುವುದಿಲ್ಲ. ನಾವು ಅವರಿಗೆ ಕಾಲು ನೋವು ಇರಬೇಕು ಅಂದುಕೊಳ್ಳುತ್ತೇವೆ.

ಮಲೆನಾಡಿಗೆ ಅದರದೇ ಒಂದು ಕಷ್ಟವೂ ಇದೆ. ಇಲ್ಲಿ ಮನೆಗಳು ಒತ್ತಾಗಿಲ್ಲ. ಗದ್ದೆಯ ಈಚೆ ಒಂದು, ಗುಡ್ಡದ ಆಚೆ ಒಂದು. ಮಕ್ಕಳು ಬೆಂಗಳೂರಲ್ಲಿ. ಜೂನ್ ಬಂತೆಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹಿಂದೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ, ಪಾಚಿ ಕಟ್ಟಿದ ಅಂಗಳವನ್ನು ದಾಟುವುದೇ ಎಪ್ಪತ್ತರವರಿಗೆ ಸಾಹಸ. ಬಚ್ಚಲೊಲೆಯ ಮುಂದೆ ಕಂಬಳಿ ಹೊದ್ದು ಕೂತರೆ ಮೂರು ತಿಂಗಳು ಅಲ್ಲೇ.

ಹಿಂದೆ ಮಳೆ ಮುಗಿದ ಮೇಲೆ ಇದಕ್ಕೊಂದು ಪರಿಹಾರ ತಾನಾಗೇ ಸಿಗುತ್ತಿತ್ತು. ಅಡಿಕೆ ಸುಲಿಯುವ ರಾತ್ರಿಗಳು. ಅಜ್ಜನಿಗೂ ಒಂದು ಮಣೆ, ಒಂದು ಮೆಟ್ಟುಗತ್ತಿ. ಕೈ ಸುಲಿಯುತ್ತಿರುತ್ತದೆ, ಬಾಯಿ ಊರ ಸುದ್ದಿ ಹೇಳುತ್ತಿರುತ್ತದೆ. ಅಜ್ಜ ಎಷ್ಟು ಸುಲಿದ ಅಂತ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಆದರೆ ಅಜ್ಜ ಬಾರದಿದ್ದರೆ "ಎಲ್ಲಿ ಇವತ್ತು?" ಅಂತ ಕೇಳುತ್ತಿದ್ದರು. ಈಗ ಯಂತ್ರ ಸುಲಿಯುತ್ತದೆ. ಯಂತ್ರಕ್ಕೆ ಬೈಯಲು ನನಗೆ ಮನಸ್ಸಿಲ್ಲ, ಕೆಲಸಕ್ಕೆ ಜನ ಸಿಗದ ಕಾಲದಲ್ಲಿ ಅದು ತೋಟ ಉಳಿಸಿದೆ. ಆದರೆ "ಎಲ್ಲಿ ಇವತ್ತು?" ಅಂತ ಯಂತ್ರ ಕೇಳುವುದಿಲ್ಲ.

ಕೇಳುವವರು ಬೇಕು. ಹಾಗಾದರೆ ಯಾರು?

ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ ಅಂತ ನನ್ನ ಅನಿಸಿಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದರು. ಇವತ್ತು ವೈರಸ್ ಅಂದರೇನು ಅಂತ ತಿಳಿಯದ ಅಜ್ಜಿಗೂ, ಆ ಕಾಯಿಲೆ ಹರಡುವ, ರಕ್ತ ಹೀರುವ ಸಣ್ಣ ಹುಳ ಉಣುಗಿನ ವಿಷಯ ಗೊತ್ತು. ಕಾಡಿಗೆ ಹೋಗುವ ಮುಂಚೆ ಎಣ್ಣೆ ಹಚ್ಚಬೇಕು, ಮಂಗ ಸತ್ತಿದ್ದು ಕಂಡರೆ ತಿಳಿಸಬೇಕು, ಜ್ವರ ಬಂದರೆ ಕಾಯಬಾರದು. ಇದನ್ನು ಕಲಿಸಿದ್ದು ಪೋಸ್ಟರ್ ಅಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದು, ಉಣುಗನ್ನು ಉಣುಗು ಅಂತಲೇ ಕರೆದು ಕಲಿಸಿದ್ದು. ಅದೇ ಕಾಲುದಾರಿಯಲ್ಲಿ ಮಂಕಿನ ಮಾತೂ ನಡೆದು ಹೋಗಬಹುದಲ್ವಾ?

ಡಾಕ್ಟರಲ್ಲದವರು ಇದನ್ನು ಮಾಡಬಲ್ಲರಾ ಅಂತ ಅನುಮಾನ ಇರುವವರು ಗೋವಾ ಕಡೆ ನೋಡಬಹುದು. ಅಲ್ಲಿ ಬೇಸರದ ಲಕ್ಷಣ ಸ್ವಲ್ಪ ಇದ್ದು, ಪೂರ್ತಿ ಖಿನ್ನತೆಗೆ ಇನ್ನೂ ಇಳಿಯದ 181 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನ ಮನೆಗೆ ತರಬೇತಿ ಪಡೆದ ಸಾಮಾನ್ಯ ಜನ ಹೋದರು. ಅವರು ಮಾಡಿದ್ದೇನೂ ಮಾಟವಲ್ಲ. ದಿನದ ತೊಂದರೆಯೊಂದನ್ನು ಎತ್ತಿಕೊಂಡು ಬಿಡಿಸುವುದು ಹೇಗೆ ಅಂತ ಕೂತು ಯೋಚಿಸಿದರು. ನಿದ್ದೆಯ ಅಭ್ಯಾಸ ತಿದ್ದಿದರು. ಸಕ್ಕರೆ ಕಾಯಿಲೆಯಂಥವನ್ನು ನೋಡಿಕೊಳ್ಳುವ ಬಗೆ ಹೇಳಿಕೊಟ್ಟರು. ಸರ್ಕಾರದಿಂದ ಬರಬೇಕಾದ ಸವಲತ್ತು ಕೊಡಿಸಲು ನೆರವಾದರು. ವರ್ಷ ಕಳೆಯುವ ಹೊತ್ತಿಗೆ ಎಂದಿನ ಆರೈಕೆಯ 90 ಜನರಲ್ಲಿ 13 ಮಂದಿಗೆ ಖಿನ್ನತೆ ಬಂದಿತ್ತು, ಮನೆಗೆ ಜನ ಹೋದ 91ರಲ್ಲಿ 4 ಮಂದಿಗೆ. 2019ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಒಪ್ಪುತ್ತೇನೆ. ಆದರೂ ಅದರಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಸವಲತ್ತಿನ ವಿಷಯ. ಪಿಂಚಣಿ ಬರುವ ಹಾಗೆ ಮಾಡುವುದೂ ಚಿಕಿತ್ಸೆಯ ಭಾಗ!

ಅತ್ತೆಯ ವಿಷಯದಲ್ಲೂ ಕಾಯಿಲೆಯ ಜಾಡು ಹಿಡಿದದ್ದು ಡಾಕ್ಟರಲ್ಲ. ಬಿಪಿ ನೋಡಲು ಬಂದ ಆಶಾ ಕಾರ್ಯಕರ್ತೆ, ಮಾತಿಗೆ ಮಾತು ಬಂದು ಸುಮ್ನೆ ಕೇಳಿದಳು. "ಅಮ್ಮ, ಈ ಸಲ ಮಿಡಿ ಹಾಕಿಲ್ವಂತೆ, ಯಾಕೆ?" ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡಳು. ಹತ್ತು ತಿಂಗಳಲ್ಲಿ ಯಾವ ಯಂತ್ರಕ್ಕೂ ಕಾಣದ್ದು ಆ ಹುಡುಗಿಯ ಒಂದು ಪ್ರಶ್ನೆಗೆ ಕಂಡಿತು.

ಹೀಗೆ ಕೇಳಲು ಅಳತೆಗೋಲೂ ಇದೆ. ವಯಸ್ಸಾದವರಿಗೆಂದೇ 1980ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಪ್ರಶ್ನೆಪಟ್ಟಿ ಅದು. ಚಿಕ್ಕದರಲ್ಲಿ 15 ಪ್ರಶ್ನೆ, ಉತ್ತರ ಬರೀ ಹೌದು ಅಥವಾ ಇಲ್ಲ. ಮೈನೋವಿನ ಪ್ರಶ್ನೆಗಳನ್ನು ಬೇಕೆಂದೇ ಬಿಟ್ಟಿದ್ದಾರೆ, ಯಾಕೆಂದರೆ ಆ ವಯಸ್ಸಿಗೆ ಮೈನೋವು ಯಾರಿಗಿಲ್ಲ? ಅದರಲ್ಲಿ ಒಂದು ಪ್ರಶ್ನೆ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರುವುದು ಇಷ್ಟವಾ ಅಂತ. ಆಷಾಢದಲ್ಲಿ ಇದನ್ನು ಕೇಳಿದರೆ ಇಡೀ ಹೊಸನಗರ ತಾಲೂಕು ಹೌದು ಅನ್ನುತ್ತದೆ. ಹಾಗಾಗಿ ಪಟ್ಟಿ ಇದ್ದರೂ ಕೇಳುವವರಿಗೆ ಊರು ಗೊತ್ತಿರಬೇಕು.

ಒಂದು ಪ್ರಶ್ನೆ ಕೇಳಲು ಎಲ್ಲರೂ ಹೆದರುತ್ತಾರೆ. "ಬದುಕು ಬೇಡ ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವ ಭಯ. ಹಾಗಾಗುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಕೇಳಿದವರ ಮುಂದೆ ಹೆಚ್ಚಿನವರು ಹಗುರಾಗುತ್ತಾರೆ. ದೇವರು ಕರೆಸಿಕೊಳ್ಳಲಿ ಎಂಬ ಮಾತು ದಿನಕ್ಕೆ ನಾಲ್ಕು ಸಲ ಬರುತ್ತಿದ್ದರೆ ನಕ್ಕು ಬಿಡಬೇಡಿ, ಪಕ್ಕದಲ್ಲಿ ಕೂತು ಕೇಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ತೋಟದ ಔಷಧಿಗಳ ಕೋಣೆಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇರಲಿ.

ಎಲ್ಲಿಗೆ ಹೋಗುವುದು? ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಚಿಕಿತ್ಸೆ ಕೊಡಬಹುದು ಎಂಬುದನ್ನು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯಲ್ಲಿ. ರಾಜ್ಯದಲ್ಲಿ 2014ರಲ್ಲಿ ಬಂದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. ಅತ್ತೆ ಹೋದದ್ದೂ ಒಂದು ಮಂಗಳವಾರ. ಸಂತೆಗೆ ಹೋಗುತ್ತಿದ್ದೇನೆ ಅಂತ ಪಕ್ಕದ ಮನೆಗೆ ಹೇಳಿ ಹೋದಳು. ಮನೆಯವರು ಅದಕ್ಕೆ ಮೊದಲು ಚೌಡಿಗೆ ಹರಕೆ ಹೊತ್ತಿದ್ದರು, ಅದನ್ನೂ ಯಾರೂ ತಡೆಯಲಿಲ್ಲ. ಹರಕೆಗೂ ಮಾತ್ರೆಗೂ ಜಗಳವಿಲ್ಲ.

ಮಾತ್ರೆಯ ಬಗ್ಗೆ ಎರಡು ಮಾತು. ಖಿನ್ನತೆಯ ಮಾತ್ರೆ ಕ್ರೋಸಿನ್ ಥರ ಅಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಹಿರಿಯರಲ್ಲಿ ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಚಟವಾಗುತ್ತದೆ ಅನ್ನುವ ಹೆದರಿಕೆ ಬೇಡ. ಆದರೆ ಗುಣವಾಯಿತು ಅಂತ ತಾವೇ ನಿಲ್ಲಿಸಬಾರದು, ಕಾಯಿಲೆ ಮರಳುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಎರಡೂ ಸೇರಿದರೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ನನಗೆ ನಿಜವಾಗಿ ಭಯ ಇರುವುದು ಅಂಗಡಿಯಿಂದ ಚೀಟಿ ಇಲ್ಲದೆ ತರುವ ನಿದ್ದೆ ಮಾತ್ರೆಯ ಬಗ್ಗೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಜೋಲಿ ತಪ್ಪಿ ಸೊಂಟ ಮುರಿದುಕೊಂಡರೆ, ಮಂಕಿನ ಜೊತೆ ಮಂಚವೂ ಕಾಯಂ.

ಮಾತ್ರೆಯ ಜೊತೆಗೆ, ಹಗುರ ಖಿನ್ನತೆಯಲ್ಲಿ ಮಾತ್ರೆಯಿಲ್ಲದೆಯೂ, ಫಲ ಕೊಡುವ ಒಂದು ಚಿಕಿತ್ಸೆ ಬಹಳ ಸರಳ. ಮನಸ್ಸು ಬಂದ ಮೇಲೆ ಕೆಲಸ ಅಂತ ಕಾಯುವುದಿಲ್ಲ. ಮೊದಲು ಚಿಕ್ಕದೊಂದು ಕೆಲಸ, ದಿನಾ ಅದೇ ಹೊತ್ತಿಗೆ. ಮನಸ್ಸು ಹಿಂದಿನಿಂದ ಬರುತ್ತದೆ. ಅತ್ತೆಗೆ ಸಿಕ್ಕ ಕೆಲಸ, ಸಂಜೆ ನಾಲ್ಕಕ್ಕೆ ಪಕ್ಕದ ಮನೆಗೆ ಹೂವು ಕೊಟ್ಟು ಬರುವುದು. ಮೊದಮೊದಲು ಗೊಣಗುತ್ತಾ ಹೋಗುತ್ತಿದ್ದಳು. ಆರನೇ ವಾರದ ಹೊತ್ತಿಗೆ ವಾಪಸು ಬರಲು ತಡವಾಗತೊಡಗಿತು.

ಮಳೆಗಾಲದಲ್ಲಿ ಮಂಗಳವಾರ ಹೋಗಲಾಗದಿದ್ದರೆ ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ ಇದೆ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ, ಹಗಲು ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಬೇರೆ ಕಷ್ಟಗಳಿಗೆ 14567. ಅಜ್ಜಿಯ ಮೊಬೈಲ್‌ನಲ್ಲಿ ಉಳಿಸಿಕೊಟ್ಟರೆ ಸಾಲದು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೆ ದಪ್ಪಕ್ಕೆ ಬರೆಯಿರಿ.

ಅತ್ತೆ ಈಗ ಚೆನ್ನಾಗಿದ್ದಾಳೆ. ಮಿಡಿಯ ಹುಡುಗನಿಗೆ ಹೋದ ವರ್ಷ ಚೆನ್ನಾಗಿ ಬೈದಳು, ಅರ್ಧ ಬುಟ್ಟಿ ತೊಟ್ಟಿಲ್ಲದ ಮಿಡಿ ತಂದಿದ್ದನಂತೆ. ಆ ವರ್ಷ ಏನಾಗಿತ್ತು ಅಂತ ಯಾರಾದರೂ ಕೇಳಿದರೆ ಇವತ್ತಿಗೂ "ಗ್ಯಾಸ್ಟ್ರಿಕ್ ಜಾಸ್ತಿಯಾಗಿತ್ತು" ಅನ್ನುತ್ತಾಳೆ. ನಾವು ತಿದ್ದಲು ಹೋಗುವುದಿಲ್ಲ.