ಕೆಟ್ಟ ಕನಸಿನ ಲೆಕ್ಕ ಮತ್ತು ಸಂಕಟದ ಲೆಕ್ಕ

ಆಘಾತದ ನಂತರದ ಒತ್ತಡದಿಂದ, ಅಂದರೆ ಪಿಟಿಎಸ್‌ಡಿಯಿಂದ ಬಳಲುವವರ ಮನೆಯವರು ಬಂದು ಕುಳಿತ ಕೂಡಲೇ ಒಂದು ಸಂಖ್ಯೆ ಹೇಳುತ್ತಾರೆ. ಹೋದ ವಾರ ಐದು ಸಲ ಕೆಟ್ಟ ಕನಸು ಬಿದ್ದಿತ್ತು, ಈ ವಾರ ಎರಡೇ. ಅವರ ಮುಖದ ಗೆಲುವನ್ನು ಕಸಿದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಆದರೆ ಆ ‘ಎರಡು’ ನನಗೆ ತಿಳಿಸುವುದು ತೀರಾ ಕಡಿಮೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಮುಂದಿನ ಭೇಟಿಗೆ ಮತ್ತೆ ಅದೇ ಲೆಕ್ಕ ಬರುತ್ತದೆ. ಕಿರಿಯ ವೈದ್ಯರಲ್ಲೂ ಕೆಲವರು ಕಡತದಲ್ಲಿ ಅಷ್ಟನ್ನೇ ಬರೆದು ಕೈತೊಳೆದುಕೊಳ್ಳುತ್ತಾರೆ ಎಂಬುದು ನನಗೆ ಇನ್ನೂ ಹೆಚ್ಚಿನ ಬೇಸರ.

ಕನಸು ಎಷ್ಟು ಸಲ ಬಿತ್ತು ಎಂಬುದು ಒಂದು ಅಳತೆ. ಅದು ಮನುಷ್ಯನನ್ನು ಎಷ್ಟು ಕಾಡಿತು ಎಂಬುದು ಬೇರೆಯೇ ಅಳತೆ. ಮನಶ್ಶಾಸ್ತ್ರಜ್ಞೆ ಕ್ಯಾಥರಿನ್ ಬೆಲಿಕಿ 1992ರಲ್ಲೇ ಇವೆರಡನ್ನೂ ಬೇರ್ಪಡಿಸಿ ನೋಡಬೇಕೆಂದು ತೋರಿಸಿಕೊಟ್ಟರು. ಅವರು ರೂಪಿಸಿದ 13 ಪ್ರಶ್ನೆಗಳ ಪ್ರಶ್ನಾವಳಿ ಸಂಕಟದ ಬೆನ್ನು ಹತ್ತುತ್ತದೆ: ಎಚ್ಚರವಾದ ಮೇಲೂ ಕನಸು ತಲೆಯಿಂದ ಹೋಗದೆ ಉಳಿಯುತ್ತದೆಯೇ? ಮತ್ತೆ ಬಿದ್ದೀತೆಂದು ಮಲಗಲು ಹೆದರುತ್ತೀರಾ? ಕನಸಿನಲ್ಲಿ ಕಂಡವರನ್ನು ಹಗಲಿನಲ್ಲೂ ದೂರವಿಡುತ್ತೀರಾ?

ಅಪಘಾತವೊಂದರಲ್ಲಿ ಬದುಕುಳಿದಿದ್ದ ಒಬ್ಬರ ಪತ್ನಿ ಕನಸು ಬಿದ್ದ ರಾತ್ರಿಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಿದ್ದರು. ಗುರುತುಗಳು ಕಡಿಮೆಯಾಗುತ್ತಾ ಬಂದಿದ್ದವು. ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಕೇಳಿದೆ. ಉತ್ತರಿಸುವ ಮೊದಲು ಆತ ಒಮ್ಮೆ ಹೆಂಡತಿಯ ಮುಖ ನೋಡಿದರು. ಎಲ್ಲರಿಗೂ ನಿದ್ದೆ ಹತ್ತಿದ ಮೇಲೆ ಎದ್ದು ಬಂದು, ದೀಪ ಹಾಕಿಕೊಂಡು, ಬೆಳಗಿನ ಜಾವದವರೆಗೆ ಕುರ್ಚಿಯಲ್ಲೇ ಕೂರುತ್ತಿದ್ದರಂತೆ. ನಿದ್ದೆಯನ್ನೇ ಬಿಟ್ಟವರಿಗೆ ಕನಸು ಬೀಳುವುದಾದರೂ ಹೇಗೆ? ಕ್ಯಾಲೆಂಡರು ಸುಧಾರಣೆ ಎಂದು ತೋರಿಸಿದ್ದು ಕಾಯಿಲೆ ಹದಗೆಟ್ಟ ವಾರಗಳನ್ನು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಾಣುತ್ತೇವೆ. ಕನಸಿನ ಕಥೆಯನ್ನು ಎಚ್ಚರದಲ್ಲಿ ಬದಲಿಸಿ, ಹೊಸ ಕಥೆಯನ್ನು ದಿನವೂ ಮನಸ್ಸಿನಲ್ಲಿ ಓಡಿಸಿಕೊಳ್ಳುವ ಚಿಕಿತ್ಸೆ ಪಡೆದ ಕೆಲವರಿಗೆ ಕನಸು ಮೊದಲಿನಷ್ಟೇ ಸಲ ಬೀಳಬಹುದು, ಆದರೆ ಎಚ್ಚರವಾದವರು ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ಬರೀ ಎಣಿಕೆ ನೋಡಿದರೆ ಚಿಕಿತ್ಸೆ ಸೋತಂತೆ. ನನ್ನ ಲೆಕ್ಕದಲ್ಲಿ ಅದು ದೊಡ್ಡ ಗೆಲುವು.

ಪಿಟಿಎಸ್‌ಡಿಯ ಲಕ್ಷಣಗಳನ್ನು ಅಳೆಯಲು ನಾವು ಬಳಸುವ, ರೋಗಿಯೇ ತುಂಬುವ ಪಿಸಿಎಲ್-5 ಎಂಬ ಪ್ರಶ್ನಾವಳಿಯಲ್ಲಿ ಒಟ್ಟು 20 ಪ್ರಶ್ನೆಗಳಿದ್ದರೂ ಕನಸಿಗೆ ಮೀಸಲಾದದ್ದು ಒಂದೇ. ಕಳೆದ ತಿಂಗಳಲ್ಲಿ ಅದು ಎಷ್ಟು ಕಾಡಿತು ಎಂಬುದಕ್ಕೆ 0ಯಿಂದ 4ರವರೆಗೆ ಅಂಕ. ಯಾರಿಗೆ ತೊಂದರೆ ಇರಬಹುದೆಂದು ಜರಡಿ ಹಿಡಿಯಲು ಅಷ್ಟು ಸಾಕು, ಚಿಕಿತ್ಸೆಯನ್ನು ತೂಗಲು ಸಾಲದು. ಅದೇ ಕಾಯಿಲೆಗೆ ತಜ್ಞರು ಸಂದರ್ಶನದ ಮೂಲಕ ನಡೆಸುವ ಕ್ಯಾಪ್ಸ್-5 ಎಂಬ ಅಳತೆ ಮೇಲು. ಎದ್ದ ಮೇಲೆ ಏನಾಗುತ್ತದೆ, ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕು ಎಂದು ಅದು ಕೇಳುತ್ತದೆ. ಒಂದು ಗಂಟೆಗೂ ಹೆಚ್ಚು ನಿದ್ದೆ ಕೆಟ್ಟರೆ ಅದನ್ನು ತೀವ್ರತೆಯ ಲಕ್ಷಣವಾಗಿ ಎಣಿಸುತ್ತದೆ. ಯಂತ್ರಕ್ಕೆ ಕಟ್ಟಿ ಒಂದು ರಾತ್ರಿ ನೋಡಿಬಿಡಿ ಎನ್ನುವವರಿಗೆ ಒಂದು ಮಾತು: ನಿದ್ರಾ ಪ್ರಯೋಗಾಲಯದಲ್ಲಿ ದುಃಸ್ವಪ್ನ ಸಿಕ್ಕಿಬೀಳುವುದು ಅಪರೂಪ. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆಯ ಅನುಮಾನವಿದ್ದರೆ ಮಾತ್ರ ಆ ಪರೀಕ್ಷೆ ಖಂಡಿತ ಬೇಕು.

ಮನೆಯಲ್ಲಿ ಬರೆದಿಡುವುದಾದರೆ ಬೆಳಿಗ್ಗೆ ಎದ್ದಾಗಲೇ ಬರೆಯಿರಿ, ಬರೆಯುವವರು ಕನಸು ಕಂಡವರೇ ಆಗಿರಲಿ. ತಿಂಗಳ ಕೊನೆಗೆ ನೆನಪಿನಿಂದ ಹೇಳಿದರೆ ಎಣಿಕೆ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಮಲಗಿದ ಹೊತ್ತು, ಮಲಗುವುದನ್ನು ಮುಂದೂಡಿದ್ದರೆ ಅದು, ಎದ್ದ ಮೇಲೆ ಮಾಡಿದ್ದು, ಹಗಲಿನಲ್ಲಿ ಕನಸು ಮರುಕಳಿಸಿದ್ದು, ಕುಡಿತ ಅಥವಾ ಮಾತ್ರೆಯ ಬದಲಾವಣೆ, ಇಷ್ಟಿದ್ದರೆ ಸಾಕು. ಕನಸಿನ ಕಥೆಯನ್ನು ಬರೆಯಲೇಬೇಕೆಂದು ಒತ್ತಾಯಿಸಬೇಡಿ, ಕೆಲವರಿಗೆ ಬರೆಯುವುದೇ ಆಘಾತವನ್ನು ಕೆದಕುತ್ತದೆ. ಯಾವ ಪ್ರಶ್ನಾವಳಿಯ ಅಂಕವನ್ನೂ ನೀವೇ ರೋಗನಿರ್ಣಯವೆಂದು ಓದಿಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದೂ ನೇರವಾಗಿ ಕೇಳಿ. ದುಃಸ್ವಪ್ನಕ್ಕೂ ಆ ಯೋಚನೆಗೂ ನಂಟಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಕರೆತನ್ನಿ.